ನೋವಿಗೆ ಗಾಂಜಾ: ಒಪಿಯಾಯ್ಡ್ ಗುಳಿಗೆಯ ಜಾಗಕ್ಕೆ ಅದು ಬರಬಲ್ಲದೆ?

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2019ರ ಜನವರಿ ಕೊನೆಯಲ್ಲಿ ಹೊಸ ಏರ್ಪಾಡೊಂದು ಶುರುವಾಯಿತು. ಆಕ್ಸಿಕೊಡೋನ್, ಹೈಡ್ರೊಕೊಡೋನ್‌ನಂಥ ಒಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ಗುಳಿಗೆ ಬರೆಸಿಕೊಂಡಿದ್ದ, ಇಲ್ಲವೇ ಬರೆಸಿಕೊಳ್ಳುವಷ್ಟು ನೋವಿದ್ದ, 21 ತುಂಬಿದ ರೋಗಿ ಅದರ ಬದಲು ಗಾಂಜಾ ಕೇಳಬಹುದಾಯಿತು. ವೈದ್ಯರು ಒಪ್ಪಿದರೆ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ರೋಗಿಯ ಹೆಸರಿಗೆ ಒಂದು ಪ್ರಮಾಣಪತ್ರ ದಾಖಲಾಗುತ್ತದೆ. ಅದರ ಅವಧಿ 90 ದಿನ. ಆ ದಿನಗಳಲ್ಲಿ ಪರವಾನಗಿ ಇರುವ ಅಂಗಡಿಯಿಂದ ಪ್ರತಿ 14 ದಿನಕ್ಕೆ ಎರಡೂವರೆ ಔನ್ಸ್, ಅಂದರೆ ಸುಮಾರು 70 ಗ್ರಾಂವರೆಗೆ ಕೊಳ್ಳಬಹುದು. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಸಹಿ ಬಿದ್ದ ಕಾಯ್ದೆಯ ಹೆಸರೇ ಒಪಿಯಾಯ್ಡ್ ಪರ್ಯಾಯ ಕಾಯ್ದೆ. 2018ರಲ್ಲೇ ನ್ಯೂಯಾರ್ಕ್ ಕೂಡ ಇಂಥದ್ದೇ ಅವಕಾಶ ಕೊಟ್ಟಿತ್ತು.

ಈ ವ್ಯವಸ್ಥೆಯಲ್ಲಿ ಗಮನಿಸಲೇಬೇಕಾದ ಸಂಗತಿಯೊಂದಿದೆ. ವೈದ್ಯರು ಇಲ್ಲಿ ಮದ್ದು ಬರೆದುಕೊಡುವುದಿಲ್ಲ. 1970ರ ಕೇಂದ್ರ ಕಾನೂನು ಗಾಂಜಾವನ್ನು ವೈದ್ಯಕೀಯ ಉಪಯೋಗವೇ ಇಲ್ಲದ ಪದಾರ್ಥಗಳ ಮೊದಲ ಪಟ್ಟಿಯಲ್ಲಿ ಇಟ್ಟಿತು. ಹಾಗಾಗಿ ವೈದ್ಯರು ಹೇಳಬಹುದಾದದ್ದು ಇಷ್ಟೇ: ಈ ರೋಗಿಗೆ ಇಂಥ ತೊಂದರೆ ಇದೆ, ಈತ ಅರ್ಹ. ಯಾವ ರೂಪದಲ್ಲಿ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದೆಲ್ಲ ಹೆಚ್ಚಾಗಿ ಅಂಗಡಿಯ ಕೌಂಟರ್ ಮುಂದೆ ತೀರ್ಮಾನವಾಗುತ್ತದೆ. ಆಕ್ಸಿಕೊಡೋನ್ ಕೊಡುವಾಗ ಡೋಸ್, ವೇಳೆ, ಎಚ್ಚರಿಕೆ ಎಲ್ಲವನ್ನೂ ಬರೆದುಕೊಡುವ ವೈದ್ಯಕೀಯ ವ್ಯವಸ್ಥೆ, ಅದರ ಬದಲಿಯನ್ನು ಕೊಡುವಾಗ ಬಾಗಿಲಲ್ಲೇ ನಿಂತುಬಿಡುತ್ತದೆ. ಈ ಇಡೀ ಪ್ರಯೋಗದ ಅತಿ ದುರ್ಬಲ ಕೊಂಡಿ ಇದೇ ಎಂದು ನಾನು ತಿಳಿದಿದ್ದೇನೆ.

ಒಂದು ರಾಜ್ಯ ಇಲ್ಲಿಯವರೆಗೆ ಬರಲು ಬಲವಾದ ಕಾರಣವಿತ್ತು. ಪರ್ಡ್ಯೂ ಫಾರ್ಮಾ ಕಂಪನಿಯ ಆಕ್ಸಿಕಾಂಟಿನ್ ಎಂಬ ಆಕ್ಸಿಕೊಡೋನ್ ಗುಳಿಗೆಗೆ 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮರುವರ್ಷ ಅದು ಮಾರುಕಟ್ಟೆಗೆ ಬಂತು. ನಿಧಾನವಾಗಿ ಬಿಡುಗಡೆಯಾಗುವುದರಿಂದ ಚಟ ಹತ್ತುವ ಅಪಾಯ ಕಡಿಮೆ ಎಂದು ವೈದ್ಯರನ್ನು ನಂಬಿಸಲಾಯಿತು. ಆ ಪ್ರಚಾರ ಸುಳ್ಳೆಂದು 2007ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರ್‌ಗೂ ಹೆಚ್ಚು ದಂಡ ತೆತ್ತಿತು. 2020ರಲ್ಲಿ ಮತ್ತೆ ತಪ್ಪೊಪ್ಪಿಗೆ. ಅಷ್ಟರಲ್ಲಿ ಗುಳಿಗೆಗೆ ಒಗ್ಗಿಹೋದವರು, ಗುಳಿಗೆ ಸಿಗದಾದಾಗ ಹೆರಾಯಿನ್‌ಗೆ, ಆಮೇಲೆ ಕಳ್ಳದಾರಿಯ ಫೆಂಟನಿಲ್‌ಗೆ ಜಾರಿದ್ದರು. 2021 ಒಂದೇ ವರ್ಷದಲ್ಲಿ ಒಪಿಯಾಯ್ಡ್ ಮಿತಿಮೀರಿ ಸತ್ತವರು 80,000ಕ್ಕೂ ಹೆಚ್ಚು.

ಇದರ ನಡುವೆ ನಿಜವಾದ ನೋವಿರುವ ರೋಗಿಯ ಪಾಡು ಯಾರಿಗೂ ಬೇಡವಾಯಿತು. 2016ರಲ್ಲಿ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ದಿನಕ್ಕೆ 90 ಮಿ.ಗ್ರಾಂ ಮಾರ್ಫಿನ್‌ಗೆ ಸಮನಾದ ಡೋಸ್ ದಾಟಬೇಡಿ ಎಂದು ಮಾರ್ಗಸೂಚಿ ಕೊಟ್ಟಿತು. ಅದು ಸಲಹೆಯಾಗಿತ್ತು. ಆದರೆ ಹೆದರಿದ ವೈದ್ಯರು, ವಿಮಾ ಕಂಪನಿಗಳು, ಔಷಧ ಅಂಗಡಿಗಳು ಅದನ್ನೇ ಕಟ್ಟಳೆ ಮಾಡಿಕೊಂಡರು. ವರ್ಷಗಟ್ಟಲೆ ಗುಳಿಗೆ ತೆಗೆದುಕೊಂಡವರಿಗೆ ಒಮ್ಮಿಂದೊಮ್ಮೆಗೆ ಕತ್ತರಿ ಬಿತ್ತು. ಮೈ ನಡುಕ, ಭೇದಿ, ನಿದ್ದೆಗೇಡು, ಇಮ್ಮಡಿಸಿದ ನೋವು. ಕೆಲವರು ಜೀವವನ್ನೇ ಕಳೆದುಕೊಂಡರು. 2022ರಲ್ಲಿ ಸಿಡಿಸಿ ಮಾರ್ಗಸೂಚಿಯನ್ನು ಸಡಿಲಿಸಿ, ಹೀಗೆ ತಟ್ಟನೆ ನಿಲ್ಲಿಸಬೇಡಿ ಎಂದು ತಿದ್ದಿ ಹೇಳಬೇಕಾಯಿತು. ಗಾಂಜಾ ಬದಲಿಯಾದೀತೇ ಎಂಬ ಪ್ರಶ್ನೆ ಹುಟ್ಟಿದ್ದು ಇಂಥ ರೋಗಿಗಳ ಹಾಸಿಗೆಯ ಪಕ್ಕದಲ್ಲಿ.

ಒಳಗೆ ನಡೆಯುವುದೇನು?

ಒಪಿಯಾಯ್ಡ್ ಕೆಲಸ ಮಾಡುವುದು ಮ್ಯೂ ಎಂಬ ರಿಸೆಪ್ಟರ್ (ಮದ್ದು ಹೋಗಿ ಅಂಟುವ ತಾಣ) ಮೂಲಕ. ನಮ್ಮ ನರಕೋಶಗಳ ಮೇಲೆ ಇಂಥ ರಿಸೆಪ್ಟರ್‌ಗಳಿವೆ ಎಂದು 1973ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. ಮಾರ್ಫಿನ್ ಹೋಗಿ ಇಲ್ಲಿ ಕೂತಾಗ ಬೆನ್ನುಹುರಿಯಲ್ಲಿ ನೋವಿನ ಸಂದೇಶ ಮೇಲೇರುವುದು ತಗ್ಗುತ್ತದೆ. ಮಿದುಳಿನಿಂದ ಕೆಳಗಿಳಿದು ನೋವನ್ನು ಅಡಗಿಸುವ ದಾರಿಗಳು ಚುರುಕಾಗುತ್ತವೆ. ಮುರಿದ ಮೂಳೆಗೆ, ಶಸ್ತ್ರಚಿಕಿತ್ಸೆಯ ಗಾಯಕ್ಕೆ, ಕ್ಯಾನ್ಸರ್ ನೋವಿಗೆ ಇದರಷ್ಟು ಬಲವಾಗಿ, ಬೇಗನೆ ಎರಗುವ ಮದ್ದುಗಳು ತೀರಾ ಕಡಿಮೆ.

ಕಷ್ಟವೆಂದರೆ ಅದೇ ಮ್ಯೂ ರಿಸೆಪ್ಟರ್ ಮಿದುಳುಕಾಂಡದಲ್ಲಿ ಉಸಿರಾಟದ ಲಯವನ್ನು ನಡೆಸುವ ನರಕೋಶಗಳ ಮೇಲೂ ಇದೆ. ಡೋಸ್ ಏರಿದಂತೆ ಉಸಿರು ನಿಧಾನವಾಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಮಿದುಳು ಗಾಬರಿಯಾಗುವುದಿಲ್ಲ. ವ್ಯಕ್ತಿ ನಿದ್ದೆಯಲ್ಲೇ ಉಸಿರು ಮರೆಯುತ್ತಾನೆ. ಅತ್ತ, ತಿಂಗಳುಗಟ್ಟಲೆ ತೆಗೆದುಕೊಂಡಾಗ ಮೊದಲಿನ ಡೋಸ್ ನೋವಿಗೆ ಸಾಲದಾಗುತ್ತದೆ. ಕೆಲವರಲ್ಲಿ ಒಪಿಯಾಯ್ಡೇ ನೋವಿನ ಸೂಕ್ಷ್ಮತೆಯನ್ನು ಹೆಚ್ಚಿಸುವುದೂ ಉಂಟು. ಡೋಸ್ ಏರಿಸುತ್ತ ಹೋದರೆ ಪರಿಹಾರ ಕೊಡುವ ಅಳತೆಗೂ ಪ್ರಾಣ ತೆಗೆಯುವ ಅಳತೆಗೂ ನಡುವಿನ ಅಂತರ ಕಿರಿದಾಗುತ್ತದೆ.

ಗಾಂಜಾದ ದಾರಿ ಬೇರೆ. ಅದರ ಮುಖ್ಯ ಸಾರ ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನ ರಾಫೇಲ್ ಮೆಖೌಲಮ್ ಮತ್ತು ಯೆಹಿಯೆಲ್ ಗಾವೊನಿ ಬೇರ್ಪಡಿಸಿದರು. ಅದು ಅಂಟುವ ಸಿಬಿ1 ರಿಸೆಪ್ಟರ್ ಗೊತ್ತಾದದ್ದು 1988ರಲ್ಲಿ. ಮೈಯಲ್ಲೇ ತಯಾರಾಗುವ ಅಂಥ ರಾಸಾಯನಿಕ ಸಿಕ್ಕಿದ್ದು 1992ರಲ್ಲಿ, ಮೆಖೌಲಮ್ ಅವರ ಜೆರುಸಲೇಮಿನ ಪ್ರಯೋಗಾಲಯದಲ್ಲೇ. ಆನಂದ ಎಂಬ ಸಂಸ್ಕೃತ ಪದವನ್ನೇ ತೆಗೆದುಕೊಂಡು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಇದರ ಕೆಲಸ ತಲೆಕೆಳಗು. ಸಾಮಾನ್ಯವಾಗಿ ಒಂದು ನರಕೋಶ ಹೇಳುತ್ತದೆ, ಮುಂದಿನದು ಕೇಳಿಸಿಕೊಳ್ಳುತ್ತದೆ. ಇಲ್ಲಿ ಕೇಳಿಸಿಕೊಳ್ಳುವ ಕೋಶವೇ ಹಿಂದಕ್ಕೆ ಸಂದೇಶ ಕಳಿಸುತ್ತದೆ. ಜಗುಲಿಯ ಮೇಲೆ ಒಬ್ಬರು ಏರುದನಿಯಲ್ಲಿ ಮಾತಾಡುತ್ತಿದ್ದರೆ ಕೇಳುವವರು ಕೈಯೆತ್ತಿ 'ಮೆಲ್ಲಗೆ' ಎನ್ನುವ ಹಾಗೆ. ನೋವಿನ ದಾರಿಗಳಲ್ಲಿ ಅತಿಯಾಗಿ ಸಿಡಿಯುತ್ತಿರುವ ನರಗಳನ್ನು ಟಿಎಚ್‌ಸಿ ತಣಿಸುವುದು ಹೀಗೆ. ಗಾಂಜಾದ ಇನ್ನೊಂದು ಸಾರ ಸಿಬಿಡಿ ಸಿಬಿ1ಕ್ಕೆ ಹಾಗೆ ಅಂಟುವುದಿಲ್ಲ, ಅಮಲೂ ಏರಿಸುವುದಿಲ್ಲ. ಅದೊಂದರಿಂದಲೇ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ತೆಳು.

ಮಿದುಳುಕಾಂಡದ ಉಸಿರಾಟದ ಕೇಂದ್ರಗಳಲ್ಲಿ ಸಿಬಿ1 ಬಹಳ ವಿರಳ. ಹಾಗಾಗಿ ದೊಡ್ಡವರಲ್ಲಿ ಗಾಂಜಾ ಮಿತಿಮೀರಿದರೂ ಹೆರಾಯಿನ್‌ನಂತೆ ಉಸಿರು ನಿಂತು ಸಾಯುವುದಿಲ್ಲ. ಗಾಂಜಾ ಪರ ವಾದಿಸುವವರ ಕೈಯಲ್ಲಿರುವ ಅತ್ಯಂತ ಗಟ್ಟಿ ಅಂಶ ಇದು, ಮತ್ತು ಅದು ಸತ್ಯ. ಆದರೆ ಅದನ್ನು ಇಡೀ ಸತ್ಯ ಮಾಡಿಕೊಳ್ಳಬಾರದು. ದೊಡ್ಡವರ ಗಾಂಜಾ ಚಾಕೊಲೇಟನ್ನು ಮಿಠಾಯಿಯೆಂದು ತಿಂದ ಪುಟ್ಟ ಮಕ್ಕಳು ಪ್ರಜ್ಞೆ ತಪ್ಪಿ, ಉಸಿರಾಟಕ್ಕೇ ತೊಂದರೆಯಾಗಿ ಆಸ್ಪತ್ರೆ ಸೇರಿದ್ದಾರೆ. ಒಪಿಯಾಯ್ಡ್ ಅಥವಾ ನಿದ್ದೆಮಾತ್ರೆ ತೆಗೆದುಕೊಳ್ಳುವವರು ಗಾಂಜಾ ಸೇರಿಸಿದರೆ ಮಂಪರು ದುಪ್ಪಟ್ಟಾಗುತ್ತದೆ.

ಯಾವ ನೋವಿಗೆ ಸೈ, ಯಾವುದಕ್ಕೆ ಅಲ್ಲ

ನೋವಿಗೆ ಗಾಂಜಾ ಎಂದು ಒಂದೇ ಉಸಿರಿಗೆ ಹೇಳಿದರೆ ಅರ್ಥವಿಲ್ಲ. ಸಾಕ್ಷ್ಯ ಸಾಕಷ್ಟು ಚೆನ್ನಾಗಿರುವುದು ನರನೋವಿನ ಬಗ್ಗೆ: ಎಚ್‌ಐವಿಯಿಂದ, ಸಕ್ಕರೆ ಕಾಯಿಲೆಯಿಂದ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ನರಗಳೇ ಹಾನಿಗೊಂಡು ಉರಿ, ಜುಮುಜುಮು, ಸೂಜಿ ಚುಚ್ಚಿದಂಥ ನೋವು. ಸ್ಯಾನ್ ಫ್ರಾನ್ಸಿಸ್ಕೊದ ಡೊನಾಲ್ಡ್ ಏಬ್ರಮ್ಸ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಚ್‌ಐವಿ ನರನೋವಿದ್ದವರ ದಿನದ ನೋವು ಗಾಂಜಾ ಸೇದಿದವರಲ್ಲಿ 34 ಶೇಕಡಾ, ಸಾರ ತೆಗೆದ ಗಾಂಜಾ ಸೇದಿದವರಲ್ಲಿ 17 ಶೇಕಡಾ ಇಳಿಯಿತು. ಎರಡನೆಯ ಅಂಕಿಯನ್ನೂ ಗಮನಿಸಿ. ನೋವಿನ ಯಾವ ಪ್ರಯೋಗದಲ್ಲೂ ಬರಿಯ ನಂಬಿಕೆ, ಬರಿಯ ಆರೈಕೆ ಇಷ್ಟು ಕೆಲಸ ಮಾಡುತ್ತದೆ. ಗಾಂಜಾದಲ್ಲಂತೂ ತಾನು ತೆಗೆದುಕೊಂಡದ್ದು ಅಸಲಿಯೋ ಸಪ್ಪೆಯೋ ಎಂದು ರೋಗಿಗೆ ತಲೆ ಹಗುರಾಗುವುದರಲ್ಲೇ ಗೊತ್ತಾಗಿಬಿಡುತ್ತದೆ. ಪ್ರಯೋಗಗಳನ್ನು ತೂಗುವಾಗ ಇದೊಂದು ತೊಡಕು.

ಹಲ್ಲು ಕೀಳಿಸಿದ ನೋವು, ಶಸ್ತ್ರಚಿಕಿತ್ಸೆಯ ನೋವು, ಅಪಘಾತದ ನೋವು ಇವಕ್ಕೆ ಗಾಂಜಾ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ದಿನಾ ಗಾಂಜಾ ಬಳಸುವವರಿಗೆ ಅರಿವಳಿಕೆ ಹೆಚ್ಚು ಬೇಕಾಗಬಹುದು, ಆಪರೇಷನ್ ಆದಮೇಲೆ ನೋವೂ ಹೆಚ್ಚಿರಬಹುದು. ಹಾಗಾಗಿ ಅರಿವಳಿಕೆ ವೈದ್ಯರಿಂದ ಮುಚ್ಚಿಡಲೇಬಾರದು. ಕ್ಯಾನ್ಸರ್ ನೋವಿನ ಬಗ್ಗೆ ಬಹಳ ನಿರೀಕ್ಷೆ ಇತ್ತು. ಟಿಎಚ್‌ಸಿ ಮತ್ತು ಸಿಬಿಡಿ ಎರಡೂ ಇರುವ ನಾಬಿಕ್ಸಿಮಾಲ್ಸ್ ಎಂಬ ಬಾಯಿ ಸ್ಪ್ರೇಯನ್ನು ಒಪಿಯಾಯ್ಡ್ ಸಾಲದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗಗಳು ಗೊತ್ತುಮಾಡಿಕೊಂಡ ಗುರಿ ಮುಟ್ಟಲಿಲ್ಲ.

2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು 32 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಸೇದದೆ ಬಾಯಿಂದ ತೆಗೆದುಕೊಳ್ಳುವ ಗಾಂಜಾ ಔಷಧಗಳಿಂದ, ಸಪ್ಪೆ ಮದ್ದಿಗಿಂತ ಹೆಚ್ಚಾಗಿ, 100 ಜನರಲ್ಲಿ ಸುಮಾರು 10 ಮಂದಿಗೆ ಗುರುತಿಸಬಹುದಾದಷ್ಟು ನೋವು ತಗ್ಗುತ್ತದೆ. ಇದೇ ಸಾಕ್ಷ್ಯ ಕಂಡ ತಜ್ಞರ ತಂಡವೊಂದು, ಬೇರೆ ಚಿಕಿತ್ಸೆ ಸಾಲದಿದ್ದರೆ ಒಮ್ಮೆ ಕೊಟ್ಟುನೋಡಬಹುದು ಎಂದು ಮೆಲುದನಿಯ ಶಿಫಾರಸು ಮಾಡಿತು. ಅದೇ ವರ್ಷ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ, ನೋವಿಗೆಂದು ಇದನ್ನು ಸಾಮಾನ್ಯ ಬಳಕೆಗೆ ಅನುಮೋದಿಸಲಾರೆವು ಎಂದಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2019ರಲ್ಲೇ ದೀರ್ಘಕಾಲದ ನೋವಿಗೆ ಕೊಡಬೇಡಿ ಎಂದಿತ್ತು. ಇವರು ಜಗಳವಾಡುತ್ತಿರುವುದು ಅಂಕಿಗಳ ಬಗ್ಗೆ ಅಲ್ಲ. 100ರಲ್ಲಿ 10 ಜನಕ್ಕೆ ಸಿಗುವ ಪರಿಹಾರಕ್ಕಾಗಿ ಉಳಿದವರ ತಲೆಸುತ್ತು, ಮಂಪರು, ಮರೆವು ಒಪ್ಪಬಹುದೇ ಎಂಬ ತೂಕದ ಬಗ್ಗೆ. ಎಲ್ಲ ಮದ್ದೂ ಸೋತು ರಾತ್ರಿಯೆಲ್ಲ ಕಾಲು ಉರಿಯುವ ರೋಗಿಗೆ ಆ ಹತ್ತರಲ್ಲಿ ತಾನೊಬ್ಬನಾಗುವ ಸಾಧ್ಯತೆ ಸಣ್ಣದಲ್ಲ. ಅದನ್ನು ಅವನಿಂದ ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ವಿಷಯ. ಪ್ರಯೋಗಾಲಯದ ಅಧ್ಯಯನಗಳಲ್ಲಿ ಟಿಎಚ್‌ಸಿ ನೋವಿನ ತೀವ್ರತೆಗಿಂತ ಅದರ ಸಂಕಟವನ್ನು ಹೆಚ್ಚು ತಗ್ಗಿಸುತ್ತದೆ. ನೋವು ಇದ್ದಲ್ಲೇ ಇರುತ್ತದೆ, ಅದರ ಕಾಟ ಕಡಿಮೆಯಾಗುತ್ತದೆ. ನಿದ್ದೆ ಹತ್ತುತ್ತದೆ. ವೈದ್ಯರ ಹತ್ತು ಅಂಕದ ಅಳತೆಪಟ್ಟಿಯಲ್ಲಿ ಒಂದೇ ಅಂಕ ಇಳಿದಿದ್ದರೂ ಮನೆಯವರಿಗೆ ಬದಲಾವಣೆ ಕಾಣುವುದು ಇದರಿಂದಲೇ ಇರಬೇಕು.

ಒಂದು ಗ್ರಾಫ್ ತಿರುಗಿಬಿದ್ದ ಕಥೆ

ಗಾಂಜಾ ಬಂದರೆ ಒಪಿಯಾಯ್ಡ್ ಸಾವು ಇಳಿಯುತ್ತದೆ ಎಂಬ ನಂಬಿಕೆಯ ಮೂಲ 2014ರ ಒಂದು ಪ್ರಬಂಧ. ಮಾರ್ಕಸ್ ಬಾಕ್‌ಹ್ಯೂಬರ್ ಮತ್ತು ಸಂಗಡಿಗರು 1999ರಿಂದ 2010ರವರೆಗಿನ ಲೆಕ್ಕ ತೆಗೆದು, ವೈದ್ಯಕೀಯ ಗಾಂಜಾ ಕಾಯ್ದೆ ಇರುವ ರಾಜ್ಯಗಳಲ್ಲಿ ಒಪಿಯಾಯ್ಡ್ ಸಾವಿನ ದರ ನಿರೀಕ್ಷೆಗಿಂತ 24.8 ಶೇಕಡಾ ಕಡಿಮೆ ಎಂದು ತೋರಿಸಿದರು. ಪತ್ರಿಕೆಗಳು ಎತ್ತಿಕೊಂಡವು, ಶಾಸಕರು ಉಲ್ಲೇಖಿಸಿದರು, ಗಾಂಜಾ ಕಂಪನಿಗಳು ಹೆದ್ದಾರಿಯ ಜಾಹೀರಾತು ಫಲಕಗಳಲ್ಲಿ ಹಾಕಿದವು. ಇದು ಕಾರಣ ಎಂದು ಸಾಬೀತಾಗಿಲ್ಲ ಎಂದು ಲೇಖಕರೇ ಬರೆದಿದ್ದ ಮಾತು ಎಲ್ಲೋ ಉದುರಿಹೋಯಿತು.

2019ರಲ್ಲಿ ಸ್ಟ್ಯಾನ್‌ಫರ್ಡಿನ ಚೆಲ್ಸಿ ಶೋವರ್ ತಂಡ ಅದೇ ವಿಧಾನವನ್ನು ಇಟ್ಟುಕೊಂಡು ಲೆಕ್ಕವನ್ನು 2017ರವರೆಗೆ ಎಳೆಯಿತು. ಮೊದಲಿನ ವರ್ಷಗಳಿಗೆ ಹಳೆಯ ಫಲಿತಾಂಶವೇ ಸಿಕ್ಕಿತು. ಮುಂದಿನ ವರ್ಷಗಳು ಸೇರಿದ್ದೇ ಅಂಕಿ ಮಗುಚಿತು: ಕಾಯ್ದೆ ಇರುವ ರಾಜ್ಯಗಳಲ್ಲಿ ಸಾವು 22.7 ಶೇಕಡಾ ಹೆಚ್ಚು! ಹಾಗಾದರೆ ಗಾಂಜಾ ಸಾವು ತಂದಿತೇ? ಅದೂ ಇಲ್ಲ. ಮೊದಲು ಕಾಯ್ದೆ ತಂದ ರಾಜ್ಯಗಳು ಹೆಚ್ಚಾಗಿ ಪಶ್ಚಿಮದವು. ಆಮೇಲೆ ಸೇರಿದವುಗಳಲ್ಲಿ ಫೆಂಟನಿಲ್ ಹೊಡೆತಕ್ಕೆ ಸಿಕ್ಕ ಪೂರ್ವದ ರಾಜ್ಯಗಳೂ ಇದ್ದವು. ವೈದ್ಯಕೀಯ ಗಾಂಜಾ ಬಳಸುತ್ತಿದ್ದವರಾದರೋ ಜನಸಂಖ್ಯೆಯ ಒಂದು ಸಣ್ಣ ಪಾಲು. ಅಷ್ಟು ಕಡಿಮೆ ಜನ ಇಡೀ ರಾಜ್ಯದ ಸಾವಿನ ದರವನ್ನು ಕಾಲು ಭಾಗ ಅತ್ತ ಇತ್ತ ಮಾಡಿಯಾರು ಎಂಬುದೇ ನಂಬಲಾಗದ ಮಾತು. ರಾಜ್ಯದ ಸರಾಸರಿಯಿಂದ ರೋಗಿಯೊಬ್ಬನ ಮೈಯಲ್ಲಿ ಏನಾಯಿತು ಎಂದು ಊಹಿಸಲು ಬರುವುದಿಲ್ಲ ಎಂಬ ಸಂಖ್ಯಾಶಾಸ್ತ್ರದ ಹಳೆಯ ಪಾಠವನ್ನು ಶೋವರ್ ತಂಡ ಮತ್ತೆ ನೆನಪಿಸಿತು.

ಹಾಗಾದರೆ ರೋಗಿಗಳನ್ನೇ ಹಿಂಬಾಲಿಸಿ ನೋಡಿದ ಅಧ್ಯಯನಗಳು? ಮಿನೆಸೋಟಾ ರಾಜ್ಯದ ಕಾರ್ಯಕ್ರಮದಲ್ಲಿ ಗುಣವಾಗದ ನೋವಿಗೆಂದು ಸೇರಿದವರ ಪೈಕಿ ಒಪಿಯಾಯ್ಡ್ ತೆಗೆದುಕೊಳ್ಳುತ್ತಿದ್ದ 63 ಶೇಕಡಾ ಮಂದಿ ಆರು ತಿಂಗಳಲ್ಲಿ ಅದನ್ನು ಕಡಿಮೆ ಮಾಡಿದ್ದರು ಅಥವಾ ಬಿಟ್ಟಿದ್ದರು. ಉತ್ಸಾಹ ಬರುವ ಅಂಕಿ. ಆದರೆ ಹೋಲಿಸಲು ಗಾಂಜಾ ಇಲ್ಲದ ಗುಂಪಿರಲಿಲ್ಲ, ಮತ್ತು ಆ ಹೊತ್ತಿಗೆ ದೇಶದ ಎಲ್ಲೆಡೆ ಒಪಿಯಾಯ್ಡ್ ಇಳಿಸುವ ಒತ್ತಡವಿತ್ತು. ಆಸ್ಟ್ರೇಲಿಯಾದಲ್ಲಿ ಒಪಿಯಾಯ್ಡ್ ಮೇಲಿದ್ದ ಸುಮಾರು 1,500 ನೋವಿನ ರೋಗಿಗಳನ್ನು ನಾಲ್ಕು ವರ್ಷ ಹಿಂಬಾಲಿಸಿದ, 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದ ಅಧ್ಯಯನದಲ್ಲಿ, ಗಾಂಜಾ ಬಳಸಿದವರ ನೋವೂ ಕಡಿಮೆಯಿರಲಿಲ್ಲ, ಒಪಿಯಾಯ್ಡೂ ಇಳಿದಿರಲಿಲ್ಲ. ಅವರು ಬಹುಪಾಲು ವೈದ್ಯರ ಕಣ್ಗಾವಲಿಲ್ಲದೆ, ತಮಗೆ ಸಿಕ್ಕಿದ್ದನ್ನು ಬಳಸಿದವರು ಎಂಬುದನ್ನೂ ಹೇಳಬೇಕು.

ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಸಣ್ಣ ಪ್ರಯೋಗಗಳು. ಏಬ್ರಮ್ಸ್ 2011ರಲ್ಲಿ ಮಾರ್ಫಿನ್ ಅಥವಾ ಆಕ್ಸಿಕೊಡೋನ್ ಮೇಲಿದ್ದ 21 ರೋಗಿಗಳಿಗೆ ಆವಿ ರೂಪದ ಗಾಂಜಾ ಸೇರಿಸಿದರು. ನೋವು ಸರಾಸರಿ 27 ಶೇಕಡಾ ಇಳಿಯಿತು. ರಕ್ತದಲ್ಲಿ ಒಪಿಯಾಯ್ಡ್ ಪ್ರಮಾಣ ಏರಲಿಲ್ಲ. 2018ರಲ್ಲಿ ಝೀವಾ ಕೂಪರ್ ತಂಡ, ತಾನಾಗಿ ನೋವು ತಗ್ಗಿಸಲಾರದ 2.5 ಮಿ.ಗ್ರಾಂ ಆಕ್ಸಿಕೊಡೋನ್ ಗಾಂಜಾದ ಜೊತೆ ಸೇರಿದಾಗ ಆರೋಗ್ಯವಂತರ ಮೇಲಿನ ಪ್ರಯೋಗದಲ್ಲಿ ನೋವು ತಡೆಯಿತು ಎಂದು ತೋರಿಸಿತು. ಅಂದರೆ ಗಾಂಜಾ ಒಪಿಯಾಯ್ಡನ್ನು ಓಡಿಸುವ ಮದ್ದಲ್ಲ. ಕೆಲವರಲ್ಲಿ ಕಡಿಮೆ ಒಪಿಯಾಯ್ಡ್ ಸಾಕಾಗುವಂತೆ ಮಾಡಬಲ್ಲ ಜೊತೆಗಾರ.

ಅಳತೆ, ವೇಳೆ, ಇಳಿತ

ಕಾನೂನು ಒಪ್ಪುವ ದೇಶಗಳಲ್ಲಿ ಅನುಭವಿ ವೈದ್ಯರು ಇದನ್ನು ಹೇಗೆ ಮಾಡುತ್ತಾರೆಂದು ನೋಡೋಣ. ಹೊಗೆ ಬೇಡ ಎನ್ನುವುದು ಮೊದಲ ಮಾತು. ಸೇದಿದರೆ ಕೆಲವೇ ನಿಮಿಷಕ್ಕೆ ಏರಿ ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ದಿನವಿಡೀ ಇರುವ ನೋವಿಗೆ ಅದು ಹೊಂದುವುದಿಲ್ಲ, ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಬಾಯಿಂದ ತೆಗೆದುಕೊಂಡರೆ ಪರಿಣಾಮ ಆರೆಂಟು ಗಂಟೆ ನಿಲ್ಲುತ್ತದೆ, ಆದರೆ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಹೊಸಬರು ಎಡವುವುದು ಇಲ್ಲೇ. ಗಾಂಜಾ ಬೆರೆಸಿದ ಗಮ್ಮಿ ಮಿಠಾಯಿ ತಿಂದು ಮುಕ್ಕಾಲು ಗಂಟೆ ಕಾಯುತ್ತಾರೆ. ಏನೂ ಆಗಲಿಲ್ಲವೆಂದು ಇನ್ನೊಂದು ತಿನ್ನುತ್ತಾರೆ. ಯಕೃತ್ತಿನಲ್ಲಿ ಟಿಎಚ್‌ಸಿ ಇನ್ನೂ ಬಲವಾದ ರೂಪ ತಾಳಿ, ಎರಡೂ ಒಟ್ಟಿಗೆ ಏರುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಭಯ ಆವರಿಸುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ. ಎಪ್ಪತ್ತರ ಅಜ್ಜಿಗೆ ಹೀಗಾಗಿ ಬಿದ್ದು ಸೊಂಟದ ಮೂಳೆ ಮುರಿದರೆ, ನೋವಿನ ಮದ್ದೇ ಹೊಸ ನೋವು ತಂದ ಹಾಗೆ.

ತಜ್ಞರ ಒಮ್ಮತದ ಕ್ರಮ ಹೀಗಿದೆ: ಮೊದಲು ಸಿಬಿಡಿ ಹೆಚ್ಚಿರುವ ಎಣ್ಣೆ, ದಿನಕ್ಕೆ ಎರಡು ಸಲ 5 ಮಿ.ಗ್ರಾಂ. ಕೆಲವು ದಿನಕ್ಕೊಮ್ಮೆ ಏರಿಕೆ. ಸಾಲದಿದ್ದರೆ ಟಿಎಚ್‌ಸಿ, ಅದೂ 2.5 ಮಿ.ಗ್ರಾಂನಿಂದ ಶುರು, ಬಡಕಲು ದೇಹದವರಿಗೆ, ಹಿರಿಯರಿಗೆ 1 ಮಿ.ಗ್ರಾಂ. ಬಾಟಲಿಯ ಲೇಬಲ್ ಓದುವುದನ್ನು ಇಲ್ಲಿ ಕಲಿಯಲೇಬೇಕು. 30 ಮಿ.ಲೀ ಬಾಟಲಿಯ ಮೇಲೆ '300 ಮಿ.ಗ್ರಾಂ ಟಿಎಚ್‌ಸಿ' ಎಂದಿದ್ದರೆ ಪ್ರತಿ ಮಿ.ಲೀಗೆ 10 ಮಿ.ಗ್ರಾಂ. 2.5 ಮಿ.ಗ್ರಾಂ ಬೇಕಿದ್ದರೆ ತುಂಬಬೇಕಾದದ್ದು ಕಾಲು ಮಿ.ಲೀ ಮಾತ್ರ, ಪೂರ್ತಿ ಡ್ರಾಪರ್ ಅಲ್ಲ. ಲೇಬಲ್ಲೇ ಸುಳ್ಳು ಹೇಳುವುದೂ ಉಂಟು. ಆನ್‌ಲೈನ್‌ನಲ್ಲಿ ಮಾರುವ 84 ಸಿಬಿಡಿ ಉತ್ಪನ್ನಗಳನ್ನು 2017ರಲ್ಲಿ ಪರೀಕ್ಷಿಸಿದಾಗ ಬರೆದಷ್ಟೇ ಸಾರ ಇದ್ದದ್ದು 31 ಶೇಕಡಾದಲ್ಲಿ ಮಾತ್ರ.

ಒಪಿಯಾಯ್ಡ್ ಇಳಿಸುವುದು ಇದಾದ ಮೇಲೆ. ನೋವು ಕಡಿಮೆಯಾಗಿದೆ, ಓಡಾಟ ಹೆಚ್ಚಿದೆ, ಬೇಕೆನಿಸಿದಾಗ ನುಂಗುವ ಗುಳಿಗೆ ಕಡಿಮೆಯಾಗಿದೆ ಎಂದು ಕಂಡರೆ ಮಾತ್ರ, ಒಂದರಿಂದ ನಾಲ್ಕು ವಾರಕ್ಕೊಮ್ಮೆ 5ರಿಂದ 10 ಶೇಕಡಾ. ದಿನಕ್ಕೆ 60 ಮಿ.ಗ್ರಾಂ ಮಾರ್ಫಿನ್‌ಗೆ ಸಮನಾದ ಡೋಸ್ ಇದ್ದವರು ಒಂದು ಸಲಕ್ಕೆ ಇಳಿಸುವುದು 3ರಿಂದ 6 ಮಿ.ಗ್ರಾಂ. ನಾಲ್ಕು ವಾರಕ್ಕೊಮ್ಮೆ 6 ಎಂದು ಹೋದರೆ ಪೂರ್ತಿ ಬಿಡಲು ಸುಮಾರು ಒಂಬತ್ತು ತಿಂಗಳು. ಪೂರ್ತಿ ಬಿಡಲಾಗದೆ ಅರ್ಧಕ್ಕೆ ನಿಂತರೂ ಅದು ಸೋಲಲ್ಲ; ಡೋಸ್ ಅರ್ಧವಾದರೆ ಉಸಿರಿನ ಅಪಾಯ ಎಷ್ಟೋ ಇಳಿದಿರುತ್ತದೆ. ಗಾಂಜಾ ಸಿಕ್ಕಿತೆಂದು ಮಾರ್ಫಿನನ್ನು ತಟ್ಟನೆ ನಿಲ್ಲಿಸುವುದು ಅಪಾಯಕಾರಿ. ಗಾಂಜಾ ಒಪಿಯಾಯ್ಡ್ ಬಿಟ್ಟ ನಡುಕವನ್ನು ತಡೆಯುವುದಿಲ್ಲ. ಒಪಿಯಾಯ್ಡ್ ವ್ಯಸನವೇ ಅಂಟಿದ್ದರೆ ಅದಕ್ಕೆ ಸಾಬೀತಾದ ಚಿಕಿತ್ಸೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್.

ಮನೋವಿಕಾರ ಇದ್ದವರು, ಮನೆತನದಲ್ಲಿ ಸ್ಕಿಜೊಫ್ರೇನಿಯಾ ಇರುವವರು, ಗರ್ಭಿಣಿಯರು, ಹಾಲೂಡಿಸುವವರು, ಈಚೆಗೆ ಹೃದಯಾಘಾತವಾದವರು, ಹರೆಯದವರು ಇದರ ಹತ್ತಿರ ಹೋಗಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಏರಬಹುದು. ಗಾಂಜಾಕ್ಕೂ ಚಟ ಹತ್ತುತ್ತದೆ. ಬಳಸುವವರಲ್ಲಿ ಹತ್ತಕ್ಕೆ ಮೂವರು ಒಂದಲ್ಲ ಒಂದು ಮಟ್ಟದಲ್ಲಿ ಸಿಕ್ಕಿಕೊಳ್ಳುತ್ತಾರೆಂದು ಸಿಡಿಸಿ ಅಂದಾಜು. ವರ್ಷಗಟ್ಟಲೆ ಬಳಸಿದ ಕೆಲವರಿಗೆ ನಿಲ್ಲದ ವಾಂತಿಯ ಕಾಯಿಲೆ ಬರುತ್ತದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಇನ್ನೊಂದು ತೊಡಕಿದೆ. ಶಿಕಾಗೋದಲ್ಲಿ ವೈದ್ಯಕೀಯ ಗಾಂಜಾ ಕಾರ್ಡ್ ಇದ್ದರೂ, ರಾಜ್ಯದಲ್ಲಿ ಪೂರ್ತಿ ಸಕ್ರಮವಾಗಿದ್ದರೂ, ವಲಸೆ ಕಾನೂನು ಕೇಂದ್ರದ್ದು. ರಾಜ್ಯ ಒಪ್ಪಿದ ಗಾಂಜಾ ಬಳಕೆಯೂ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು ಎಂದು 2019ರ ಏಪ್ರಿಲ್‌ನಲ್ಲಿ ಅಲ್ಲಿನ ಪೌರತ್ವ ಮತ್ತು ವಲಸೆ ಸೇವಾ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ವಕೀಲರನ್ನು ಕೇಳದೆ ಹೆಜ್ಜೆ ಇಡಬಾರದು. ಮಂಡಿನೋವಿನ ಅಪ್ಪ ಅಮ್ಮನಿಗೆಂದು ಸೂಟ್‌ಕೇಸಿನಲ್ಲಿ ಗಮ್ಮಿ ಇಟ್ಟು ಬೆಂಗಳೂರಿಗೆ ಕಳಿಸುವುದಂತೂ ಅವರನ್ನು ನೇರ ಭಾರತದ ಮಾದಕವಸ್ತು ಕಾಯ್ದೆಯಡಿ ಎನ್‌ಡಿಪಿಎಸ್ ಪ್ರಕರಣಕ್ಕೆ ದೂಡಿದಂತೆ.

ಇಲ್ಲಿ, ಕರ್ನಾಟಕದಲ್ಲಿ

ಗಾಂಜಾವನ್ನು ಆಧುನಿಕ ವೈದ್ಯಕ್ಕೆ ಪರಿಚಯಿಸಿದ್ದು ಭಾರತವೇ. 1839ರಲ್ಲಿ ಕಲ್ಕತ್ತಾದ ವೈದ್ಯ ವಿಲಿಯಂ ಒಶಾನೆಸ್ಸಿ ಸಂಧಿವಾತ, ಧನುರ್ವಾಯು ರೋಗಿಗಳಿಗೆ ಕೊಟ್ಟು ಬರೆದ ವರದಿ ಯುರೋಪಿನ ಕಣ್ಣು ತೆರೆಸಿತು. ಈಗಿನ 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂತುದಿಯನ್ನೂ ಅಂಟನ್ನೂ, ಅಂದರೆ ಗಾಂಜಾ ಮತ್ತು ಚರಸ್ಸನ್ನು ನಿಷೇಧಿಸುತ್ತದೆ. ಬರಿಯ ಎಲೆಯಿಂದಾದ ಭಂಗಿ ಅದರ ವ್ಯಾಖ್ಯೆಯಲ್ಲಿಲ್ಲ. ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಹಾಗೆಂದು ಯಾರು ಬೇಕಾದರೂ ಮಾರಬಹುದು ಎಂದಲ್ಲ. ರಾಜ್ಯಗಳ ಅಬಕಾರಿ ಕಾನೂನು ಬೇರೆ ಇದೆ. ಈ ಎಲೆಯ ದಾರಿಯಲ್ಲೇ ಆಯುರ್ವೇದದ 'ವಿಜಯಾ' ಎಣ್ಣೆ, ಮಾತ್ರೆಗಳು ಆಯುಷ್ ಪರವಾನಗಿಯೊಂದಿಗೆ ಮಾರಾಟವಾಗುತ್ತಿವೆ. ವಿಷದ್ರವ್ಯಗಳ ಇ-1 ಪಟ್ಟಿಯಲ್ಲಿ ಇರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಅವುಗಳ ಮೇಲಿರಬೇಕು. ಮೇಲೆ ವಿವರಿಸಿದ ಪ್ರಯೋಗಗಳು ಈ ಎಣ್ಣೆಗಳ ಮೇಲೆ ನಡೆದವಲ್ಲ. ಆ ಅಂಕಿಗಳನ್ನು ಇವಕ್ಕೆ ಅಂಟಿಸುವ ಜಾಹೀರಾತು ನಂಬಬೇಡಿ.

ಆದರೆ ಅಮೆರಿಕದ ಪ್ರಶ್ನೆಯನ್ನು ಹಾಗೇ ಎತ್ತಿ ಇಲ್ಲಿ ನೆಡುವುದು ನಮ್ಮ ರೋಗಿಗಳಿಗೆ ಅನ್ಯಾಯ. 2017ರ ಲ್ಯಾನ್ಸೆಟ್ ಆಯೋಗದ ಲೆಕ್ಕದಲ್ಲಿ, ತೀವ್ರ ನೋವಿನ ಉಪಶಮನ ಬೇಕಿರುವ ರೋಗಿಯೊಬ್ಬರಿಗೆ ಅಮೆರಿಕದಲ್ಲಿ ವರ್ಷಕ್ಕೆ 55,000 ಮಿ.ಗ್ರಾಂ ಮೀರಿ ಮಾರ್ಫಿನ್‌ಗೆ ಸಮನಾದ ಮದ್ದು ಸಿಗುತ್ತಿದ್ದರೆ, ಭಾರತದಲ್ಲಿ ಸಿಗುತ್ತಿದ್ದದ್ದು 43 ಮಿ.ಗ್ರಾಂ. ಬೇಕಾದದ್ದರ 4 ಶೇಕಡಾ. ಅಫೀಮನ್ನು ಪರವಾನಗಿ ಕೊಟ್ಟು ಬೆಳೆಸಿ, ಘಾಜಿಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸುವ ದೇಶ ಇದು. ಅಮೆರಿಕದಲ್ಲಿ ಕೈಗೆ ಸಿಗಬಾರದಷ್ಟು ಸಿಕ್ಕಿತು. ಇಲ್ಲಿ ಕ್ಯಾನ್ಸರಿನ ಕೊನೆಯ ದಿನಗಳಲ್ಲಿ ನರಳುವವರಿಗೂ ಸಿಗುವುದಿಲ್ಲ. ಹಳೆಯ ಎನ್‌ಡಿಪಿಎಸ್ ನಿಯಮಗಳಲ್ಲಿ ಒಂದು ಆಸ್ಪತ್ರೆ ಮಾರ್ಫಿನ್ ಇಡಲು ಹಲವು ಬಗೆಯ ಪರವಾನಗಿ ಬೇಕಿತ್ತು. 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಮದ್ದುಗಳನ್ನು ಅತ್ಯಗತ್ಯ ಎಂದು ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ದಾರಿ ಸಲೀಸು ಮಾಡಿದೆ. ಕಾಗದದ ಮೇಲೆ ಬಾಗಿಲು ತೆರೆದು ವರ್ಷಗಳಾದರೂ ಅದರೊಳಗೆ ಬಂದ ಆಸ್ಪತ್ರೆಗಳು ಸಾಲದು.

ಆದ್ದರಿಂದ ಮನೆಯಲ್ಲಿ ಕ್ಯಾನ್ಸರ್ ನೋವಿನವರಿದ್ದರೆ ಗಾಂಜಾ ಎಣ್ಣೆ ಹುಡುಕುವ ಮೊದಲು ಆಸ್ಪತ್ರೆಯಲ್ಲಿ ನೇರವಾಗಿ ಕೇಳಿ: ಬಾಯಿಂದ ಕೊಡುವ ಮಾರ್ಫಿನ್ ಇಲ್ಲಿ ಸಿಗುತ್ತದೆಯೇ? ಈ ಆಸ್ಪತ್ರೆಗೆ ಮಾನ್ಯತೆ ಇದೆಯೇ? ಇಲ್ಲದಿದ್ದರೆ ಯಾವ ಉಪಶಮನ ಆರೈಕೆ ಕೇಂದ್ರಕ್ಕೆ ಕಳಿಸುತ್ತೀರಿ? ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, 1999ರಿಂದ ಹಣ ಪಡೆಯದೆ ಆರೈಕೆ ಮಾಡುತ್ತಿರುವ ಕರುಣಾಶ್ರಯ ಇದೆ. ಮಾರ್ಫಿನ್ ಅಂದರೆ ಕೈಬಿಟ್ಟರು ಎಂದರ್ಥವಲ್ಲ. ಅಳತೆಯಲ್ಲಿ ಕೊಟ್ಟಾಗ ಅದು ಆಯುಸ್ಸನ್ನು ಕಡಿಮೆ ಮಾಡುವುದೂ ಇಲ್ಲ. ಸಾದಾ ಗುಳಿಗೆಯಾದರೆ ನೋವು ಬರಲೆಂದು ಕಾಯದೆ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ನಡುವೆ ನೋವು ಉಕ್ಕಿದರೆ ಕೊಡಬೇಕಾದ ಹೆಚ್ಚುವರಿ ಡೋಸ್ ಎಷ್ಟೆಂದು ವೈದ್ಯರಿಂದ ಬರೆಸಿಕೊಳ್ಳಬೇಕು. ಮಲಬದ್ಧತೆ ಖಂಡಿತ ಬರುವುದರಿಂದ ಭೇದಿಮಾತ್ರೆ ಮೊದಲ ದಿನದಿಂದಲೇ ಶುರು. ಗುಳಿಗೆ ಬೀಗದಲ್ಲಿರಲಿ, ಉಳಿದದ್ದನ್ನು ಎಣಿಸಿ ಆಸ್ಪತ್ರೆಗೆ ಹಿಂತಿರುಗಿಸಿ.